ಮುನ್ನೆಚ್ಚರಿಕೆ ಅಂಕ (ವೈದ್ಯಕೀಯ)

ಮುನ್ನೆಚ್ಚರಿಕೆ ಅಂಕ ಎಂಬುದು ಆಸ್ಪತ್ರೆಯ ಸಾಮಾನ್ಯ ವಾರ್ಡುಗಳಲ್ಲಿರುವ ರೋಗಿಗಳ ಪೈಕಿ ಯಾರ ಸ್ಥಿತಿ ಹದಗೆಡುತ್ತಿದೆ ಎಂಬುದನ್ನು ಸಕಾಲದಲ್ಲಿ ಗುರುತಿಸಲು ಬಳಸುವ ಎಣಿಕೆಯ ಪದ್ಧತಿ. ಉಸಿರಾಟದ ವೇಗ, ನಾಡಿಬಡಿತ, ರಕ್ತದೊತ್ತಡ, ದೇಹದ ಉಷ್ಣತೆ, ರಕ್ತದಲ್ಲಿನ ಆಮ್ಲಜನಕದ ಮಟ್ಟ, ಪ್ರಜ್ಞಾಸ್ಥಿತಿ ಇವುಗಳಲ್ಲಿ ಪ್ರತಿಯೊಂದೂ ಸಹಜ ಮಟ್ಟದಿಂದ ಎಷ್ಟು ದೂರ ಸರಿದಿದೆ ಎಂಬುದನ್ನು ನೋಡಿ ಅದಕ್ಕೆ ಅಂಕ ನೀಡಲಾಗುತ್ತದೆ. ಬಳಿಕ ಎಲ್ಲ ಅಂಕಗಳನ್ನೂ ಕೂಡಲಾಗುತ್ತದೆ. ಪರೀಕ್ಷೆಯ ಅಂಕಗಳಿಗೆ ವ್ಯತಿರಿಕ್ತವಾಗಿ ಇಲ್ಲಿ ಸೊನ್ನೆಯೇ ಉತ್ತಮ; ಮೊತ್ತ ಏರಿದಷ್ಟೂ ಅಪಾಯ ಹೆಚ್ಚು. ಮೊತ್ತವು ನಿಗದಿತ ಮಿತಿಯನ್ನು ಮುಟ್ಟಿದಾಗ ಯಾರನ್ನು ಕರೆಯಬೇಕು, ಎಷ್ಟು ಬೇಗ ಕರೆಯಬೇಕು ಎಂಬುದನ್ನೂ ಈ ಪದ್ಧತಿಯೇ ಹೇಳುತ್ತದೆ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆಯು 2012ರಲ್ಲಿ ರೂಪಿಸಿ, 2017ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಮುನ್ನೆಚ್ಚರಿಕೆ ಅಂಕವು ಇಂದು ಈ ಬಗೆಯ ಪದ್ಧತಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಇದರ ಪರಿಷ್ಕೃತ ರೂಪವನ್ನು ನ್ಯೂಸ್-2 ಎಂದು ಕರೆಯುತ್ತಾರೆ.

ಹಿನ್ನೆಲೆ

ತೀವ್ರ ನಿಗಾ ಘಟಕದಲ್ಲಿರುವ ರೋಗಿಯ ದೇಹಸ್ಥಿತಿಯನ್ನು ಯಂತ್ರಗಳು ಕ್ಷಣಕ್ಷಣವೂ ಗಮನಿಸುತ್ತಿರುತ್ತವೆ. ಒಬ್ಬ ದಾದಿಯ ಹೊಣೆಯಲ್ಲಿ ಅಲ್ಲಿ ಒಬ್ಬಿಬ್ಬರು ರೋಗಿಗಳು ಮಾತ್ರ ಇರುತ್ತಾರೆ. ಸಾಮಾನ್ಯ ವಾರ್ಡಿನಲ್ಲಿ ಹಾಗಲ್ಲ. ಅಲ್ಲಿ ಒಬ್ಬ ದಾದಿ ಹಲವು ರೋಗಿಗಳನ್ನು ನೋಡಿಕೊಳ್ಳಬೇಕಾಗುತ್ತದೆ. ನಾಡಿ, ರಕ್ತದೊತ್ತಡ ಮುಂತಾದವುಗಳನ್ನು ದಿನಕ್ಕೆ ಕೆಲವು ಬಾರಿ ಮಾತ್ರ ಅಳೆಯಲಾಗುತ್ತದೆ. ಆಸ್ಪತ್ರೆಯ ಬಹುಪಾಲು ರೋಗಿಗಳು ಇರುವುದು ಇಂತಹ ವಾರ್ಡುಗಳಲ್ಲಿಯೇ. ಅವರಲ್ಲಿ ಹೆಚ್ಚಿನವರು ಗುಣಮುಖರಾಗಿ ಮನೆಗೆ ಮರಳುತ್ತಾರೆ. ಆದರೆ ಕೆಲವರಲ್ಲಿ ನಂಜು (ಸೆಪ್ಸಿಸ್), ನ್ಯುಮೋನಿಯಾ, ಒಳ ರಕ್ತಸ್ರಾವ, ಶ್ವಾಸಕೋಶದ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ, ಹೃದಯ ವೈಫಲ್ಯ ಅಥವಾ ನೋವು ನಿವಾರಕ ಅಫೀಮುಜನ್ಯ ಔಷಧಗಳಿಂದ ಉಸಿರಾಟ ಕುಗ್ಗುವುದು ಮೊದಲಾದ ತೊಡಕುಗಳು ಕಾಣಿಸಿಕೊಳ್ಳುತ್ತವೆ.

ಇಂತಹ ರೋಗಿಗಳಲ್ಲಿ ಸಂಭವಿಸುವ ಹೃದಯಸ್ತಂಭನವನ್ನು ಬಹುಕಾಲ ಅನಿರೀಕ್ಷಿತ ಆಘಾತವೆಂದೇ ಭಾವಿಸಲಾಗಿತ್ತು. 1990ರಲ್ಲಿ ಅಮೆರಿಕದಲ್ಲಿ ಷೈನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನವು ಈ ಭಾವನೆಯನ್ನು ಅಲುಗಾಡಿಸಿತು. ಆಸ್ಪತ್ರೆಯಲ್ಲಿಯೇ ಹೃದಯಸ್ತಂಭನಕ್ಕೊಳಗಾದ 64 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಅವರಲ್ಲಿ ಶೇ. 84ರಷ್ಟು ಮಂದಿಯಲ್ಲಿ ಸ್ತಂಭನಕ್ಕೆ ಹಿಂದಿನ 8 ಗಂಟೆಗಳೊಳಗೆ ಸ್ಥಿತಿ ಹದಗೆಟ್ಟ ಸೂಚನೆಗಳು ಅಥವಾ ಹೊಸ ದೂರುಗಳು ದಾಖಲಾಗಿದ್ದವು. 1994ರಲ್ಲಿ ಫ್ರಾಂಕ್ಲಿನ್ ಮತ್ತು ಮ್ಯಾಥ್ಯೂ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ 150 ಪ್ರಕರಣಗಳ ಪೈಕಿ 99ರಲ್ಲಿ, ಅಂದರೆ ಶೇ. 66ರಷ್ಟರಲ್ಲಿ, ಹಿಂದಿನ 6 ಗಂಟೆಗಳೊಳಗೆ ಇಂತಹ ಸೂಚನೆಗಳಿದ್ದುದು ಕಂಡುಬಂತು. 1998ರಲ್ಲಿ ಬ್ರಿಟನ್ನಿನಲ್ಲಿ ಮೆಕ್‌ಕ್ವಿಲನ್ ಮತ್ತು ಸಂಗಡಿಗರು ತೀವ್ರ ನಿಗಾ ಘಟಕಕ್ಕೆ ಸೇರಿದ 100 ರೋಗಿಗಳ ಪೂರ್ವ ಚಿಕಿತ್ಸೆಯನ್ನು ವಿಮರ್ಶಿಸಿದರು. ಇಬ್ಬರು ಸ್ವತಂತ್ರ ಪರೀಕ್ಷಕರ ತೀರ್ಮಾನದಂತೆ 20 ಮಂದಿಗೆ ಮಾತ್ರ ಉತ್ತಮ ಆರೈಕೆ ದೊರೆತಿತ್ತು. 54 ಮಂದಿಗೆ ದೊರೆತ ಆರೈಕೆ ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು. ಉಳಿದ 26 ಮಂದಿಯ ವಿಷಯದಲ್ಲಿ ಪರೀಕ್ಷಕರಲ್ಲಿಯೇ ಒಮ್ಮತವಿರಲಿಲ್ಲ.

ಈ ಅಧ್ಯಯನಗಳಿಂದ ಹೊರಬಿದ್ದ ಸಂಗತಿ ಸರಳವಾದುದು. ಅಪಾಯದ ಸುಳಿವು ಹಲವು ರೋಗಿಗಳ ದಾಖಲೆ ಹಾಳೆಯಲ್ಲಿ ಮೊದಲೇ ಬರೆಯಲ್ಪಟ್ಟಿತ್ತು. ಆದರೆ ಬಿಡಿಬಿಡಿಯಾಗಿದ್ದ ಆ ಅಂಕಿಗಳನ್ನು ಒಟ್ಟಾಗಿ ಓದುವ, ಓದಿ ತಕ್ಕ ಕ್ರಮ ಕೈಗೊಳ್ಳುವ ವ್ಯವಸ್ಥೆ ಇರಲಿಲ್ಲ. ತೊಡಕು ಉಂಟಾದ ರೋಗಿಯನ್ನು ಸಕಾಲದಲ್ಲಿ ಉಳಿಸಿಕೊಳ್ಳಲಾಗದ ಸ್ಥಿತಿಯನ್ನು ಅಮೆರಿಕದ ಜೆಫ್ರಿ ಸಿಲ್ಬರ್ ಮತ್ತು ಸಹೋದ್ಯೋಗಿಗಳು 1992ರಲ್ಲಿ ‘ರಕ್ಷಣಾ ವೈಫಲ್ಯ’ ಎಂಬ ಅರ್ಥದ ಪದದಿಂದ ಹೆಸರಿಸಿದರು. ಆಸ್ಪತ್ರೆಗಳ ಗುಣಮಟ್ಟವನ್ನು ಅಳೆಯಲು ಈ ಪರಿಕಲ್ಪನೆಯನ್ನು ಇಂದಿಗೂ ಬಳಸಲಾಗುತ್ತದೆ.

ದೇಹಸ್ಥಿತಿ ಹದಗೆಡುವ ಬಗೆ

ರೋಗದ ಹೊಡೆತ ಬಿದ್ದಾಗ ದೇಹವು ಮೊದಲು ಅದನ್ನು ಸರಿದೂಗಿಸಲು ಯತ್ನಿಸುತ್ತದೆ. ರಕ್ತದ ಪ್ರಮಾಣ ಕುಗ್ಗಿದರೆ ಹೃದಯ ವೇಗವಾಗಿ ಬಡಿಯುತ್ತದೆ, ರಕ್ತನಾಳಗಳು ಬಿಗಿದುಕೊಳ್ಳುತ್ತವೆ; ಇದರಿಂದ ಮುಖ್ಯ ಅಂಗಗಳಿಗೆ ರಕ್ತ ಪೂರೈಕೆ ಕೆಲಕಾಲ ಉಳಿಯುತ್ತದೆ. ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ಅಥವಾ ರಕ್ತದಲ್ಲಿ ಆಮ್ಲದ ಅಂಶ ಹೆಚ್ಚಿದಾಗ ಉಸಿರಾಟದ ವೇಗ ಏರುತ್ತದೆ. ಈ ಹಂತದಲ್ಲಿ ರಕ್ತದೊತ್ತಡವು ಸಹಜವಾಗಿಯೇ ಕಾಣಬಹುದು; ರೋಗಿ ಮಾತನಾಡುತ್ತಲೂ ಇರಬಹುದು. ಸರಿದೂಗಿಸುವ ಶಕ್ತಿ ಮುಗಿದ ಮೇಲೆ ರಕ್ತದೊತ್ತಡ ಕುಸಿಯುತ್ತದೆ, ಪ್ರಜ್ಞೆ ಮಂಕಾಗುತ್ತದೆ. ಆ ವೇಳೆಗೆ ಅಮೂಲ್ಯವಾದ ಹಲವು ಗಂಟೆಗಳು ಕಳೆದುಹೋಗಿರುತ್ತವೆ.

ಈ ಕಾರಣದಿಂದಲೇ ಉಸಿರಾಟದ ವೇಗಕ್ಕೆ ಅಂಕ ಪದ್ಧತಿಯಲ್ಲಿ ವಿಶೇಷ ಮಹತ್ವವಿದೆ. ವಿಪರ್ಯಾಸವೆಂದರೆ ವಾರ್ಡುಗಳಲ್ಲಿ ಅತ್ಯಂತ ಕಡೆಗಣಿಸಲ್ಪಡುವ ಅಳತೆಯೂ ಇದೇ. ನಾಡಿ, ರಕ್ತದೊತ್ತಡ ಮತ್ತು ಆಮ್ಲಜನಕವನ್ನು ಯಂತ್ರವೇ ತೋರಿಸುತ್ತದೆ. ಉಸಿರನ್ನು ಮಾತ್ರ ಸಾಮಾನ್ಯವಾಗಿ ರೋಗಿಯ ಎದೆಯ ಏರಿಳಿತ ನೋಡುತ್ತ ಎಣಿಸಬೇಕು. ಸರಿಯಾದ ಲೆಕ್ಕಕ್ಕೆ ಪೂರ್ತಿ ಒಂದು ನಿಮಿಷ ಬೇಕು. ಕೆಲಸದ ಒತ್ತಡದಲ್ಲಿ ಎಣಿಸದೆ ಅಂದಾಜಿನ ಅಂಕಿಯನ್ನು ಬರೆದುಬಿಟ್ಟರೆ ಮೊದಲ ಸುಳಿವೇ ಕೈತಪ್ಪುತ್ತದೆ.

ಇತಿಹಾಸ

1990ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ವೈದ್ಯಕೀಯ ತುರ್ತು ತಂಡ ಎಂಬ ವ್ಯವಸ್ಥೆ ಆರಂಭವಾಯಿತು. ಹೃದಯ ನಿಂತ ಬಳಿಕ ಓಡಿಬರುವ ತಂಡಕ್ಕೆ ಬದಲಾಗಿ, ಅದಕ್ಕೆ ಮೊದಲೇ ರೋಗಿಯ ಬಳಿಗೆ ಬರುವ ತಂಡವನ್ನು ಕಟ್ಟುವುದು ಇದರ ಉದ್ದೇಶ. ಕೆನ್ ಹಿಲ್‌ಮನ್ ಮತ್ತು ಸಹೋದ್ಯೋಗಿಗಳು 1995ರಲ್ಲಿ ಈ ವ್ಯವಸ್ಥೆಯ ವಿವರಗಳನ್ನು ಪ್ರಕಟಿಸಿದರು. ಇಲ್ಲಿ ಅಂಕಗಳ ಮೊತ್ತವಿರಲಿಲ್ಲ. ಯಾವುದಾದರೂ ಒಂದು ಅಳತೆ ಮಿತಿ ಮೀರಿದರೆ ತಂಡವನ್ನು ಕರೆಯಲಾಗುತ್ತಿತ್ತು.

ಹಲವು ಅಳತೆಗಳನ್ನು ಒಟ್ಟುಗೂಡಿಸುವ ಮುನ್ನೆಚ್ಚರಿಕೆ ಅಂಕವನ್ನು 1997ರಲ್ಲಿ ಇಂಗ್ಲೆಂಡಿನ ಮಾರ್ಗನ್, ವಿಲಿಯಮ್ಸ್ ಮತ್ತು ರೈಟ್ ಎಂಬ ಮೂವರು ಪ್ರಕಟಿಸಿದರು. ದಾದಿಯರು ಹಾಸಿಗೆಯ ಬಳಿಯಲ್ಲಿಯೇ, ಯಾವ ಪ್ರಯೋಗಾಲಯ ಪರೀಕ್ಷೆಯೂ ಇಲ್ಲದೆ, ಕೂಡಿ ಹೇಳಬಹುದಾದಷ್ಟು ಸರಳವಾಗಿದ್ದುದೇ ಅದರ ಹಿರಿಮೆ. 2001ರಲ್ಲಿ ಸುಬ್ಬೆ ಮತ್ತು ಸಹೋದ್ಯೋಗಿಗಳು ಇದರ ಮಾರ್ಪಡಿಸಿದ ರೂಪವನ್ನು ತುರ್ತಾಗಿ ದಾಖಲಾದ 709 ರೋಗಿಗಳಲ್ಲಿ ಪರೀಕ್ಷಿಸಿದರು. 5 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರಲ್ಲಿ ಸಾವಿನ ಮತ್ತು ತೀವ್ರ ನಿಗಾ ಘಟಕ ಸೇರುವ ಸಂಭವ ಗಮನಾರ್ಹವಾಗಿ ಹೆಚ್ಚಿರುವುದು ತಿಳಿದುಬಂತು.

ಮುಂದಿನ ವರ್ಷಗಳಲ್ಲಿ ಬ್ರಿಟನ್ನಿನ ಆಸ್ಪತ್ರೆಗಳು ತಮಗೆ ತೋಚಿದಂತೆ ಬೇರೆಬೇರೆ ಅಂಕ ಪಟ್ಟಿಗಳನ್ನು ಮಾಡಿಕೊಂಡವು. ಒಂದು ಆಸ್ಪತ್ರೆಯ 4 ಮತ್ತೊಂದರ 4 ಆಗಿರಲಿಲ್ಲ. ಆಸ್ಪತ್ರೆ ಬದಲಿಸಿದ ವೈದ್ಯರು, ದಾದಿಯರು ಹೊಸ ಪಟ್ಟಿಯನ್ನು ಕಲಿಯಬೇಕಾಗುತ್ತಿತ್ತು. 2007ರಲ್ಲಿ ಅಲ್ಲಿನ ನೈಸ್ ಸಂಸ್ಥೆಯು, ತೀವ್ರ ಅಸ್ವಸ್ಥರಾದ ವಯಸ್ಕ ರೋಗಿಗಳೆಲ್ಲರ ಮೇಲೆ ಇಂತಹ ಪದ್ಧತಿಯ ಮೂಲಕ ನಿಗಾ ಇಡಬೇಕೆಂದು ಮಾರ್ಗಸೂಚಿ ನೀಡಿತು. 2010ರಲ್ಲಿ ಪ್ರೈದರ್ಕ್, ಸ್ಮಿತ್ ಮತ್ತು ಸಹೋದ್ಯೋಗಿಗಳು 35,585 ದಾಖಲಾತಿಗಳಿಂದ ದೊರೆತ 1,98,755 ಅಳತೆ ಸಮೂಹಗಳನ್ನು ಆಧರಿಸಿ ಹೊಸ ಅಂಕ ಪಟ್ಟಿಯೊಂದನ್ನು ರಚಿಸಿದರು. ಕೆಲವು ಸಣ್ಣ ಮಾರ್ಪಾಡುಗಳೊಂದಿಗೆ ಇದೇ 2012ರ ರಾಷ್ಟ್ರೀಯ ಮುನ್ನೆಚ್ಚರಿಕೆ ಅಂಕಕ್ಕೆ ತಳಹದಿಯಾಯಿತು. ಐರ್ಲೆಂಡ್ ದೇಶವು 2013ರಲ್ಲಿ ತನ್ನದೇ ರಾಷ್ಟ್ರೀಯ ಪದ್ಧತಿಯನ್ನು ಜಾರಿಗೆ ತಂದಿತು.

ನ್ಯೂಸ್-2: ಅಂಕ ನೀಡುವ ಕ್ರಮ

ನ್ಯೂಸ್-2 ಪದ್ಧತಿಯಲ್ಲಿ ಆರು ದೇಹ ಮಾಪನಗಳಿವೆ. ಇವುಗಳ ಜೊತೆಗೆ ರೋಗಿಗೆ ಹೊರಗಿನಿಂದ ಆಮ್ಲಜನಕ ಕೊಡಲಾಗುತ್ತಿದೆಯೇ ಎಂಬುದನ್ನೂ ಪರಿಗಣಿಸಲಾಗುತ್ತದೆ. ಒಟ್ಟು ಗರಿಷ್ಠ ಅಂಕ 20.

- ಉಸಿರಾಟ (ನಿಮಿಷಕ್ಕೆ): 12ರಿಂದ 20 ಇದ್ದರೆ 0, 9ರಿಂದ 11 ಇದ್ದರೆ 1, 21ರಿಂದ 24 ಇದ್ದರೆ 2, 8 ಅಥವಾ ಕಡಿಮೆ, 25 ಅಥವಾ ಹೆಚ್ಚು ಇದ್ದರೆ 3.
- ರಕ್ತದಲ್ಲಿನ ಆಮ್ಲಜನಕದ ಮಟ್ಟ (ಶೇಕಡಾ): 96 ಅಥವಾ ಹೆಚ್ಚು ಇದ್ದರೆ 0, 94–95 ಇದ್ದರೆ 1, 92–93 ಇದ್ದರೆ 2, 91 ಅಥವಾ ಕಡಿಮೆ ಇದ್ದರೆ 3.
- ಹೊರಗಿನ ಆಮ್ಲಜನಕ: ಕೊಡದಿದ್ದರೆ 0, ಕೊಡುತ್ತಿದ್ದರೆ 2.
- ರಕ್ತದೊತ್ತಡದ ಮೇಲಿನ ಅಂಕಿ (ಮಿ.ಮೀ. ಪಾದರಸ): 111ರಿಂದ 219 ಇದ್ದರೆ 0, 101ರಿಂದ 110 ಇದ್ದರೆ 1, 91ರಿಂದ 100 ಇದ್ದರೆ 2, 90 ಅಥವಾ ಕಡಿಮೆ, 220 ಅಥವಾ ಹೆಚ್ಚು ಇದ್ದರೆ 3.
- ನಾಡಿಬಡಿತ (ನಿಮಿಷಕ್ಕೆ): 51ರಿಂದ 90 ಇದ್ದರೆ 0, 41ರಿಂದ 50 ಅಥವಾ 91ರಿಂದ 110 ಇದ್ದರೆ 1, 111ರಿಂದ 130 ಇದ್ದರೆ 2, 40 ಅಥವಾ ಕಡಿಮೆ, 131 ಅಥವಾ ಹೆಚ್ಚು ಇದ್ದರೆ 3.
- ಪ್ರಜ್ಞಾಸ್ಥಿತಿ: ಪೂರ್ಣ ಎಚ್ಚರವಿದ್ದರೆ 0, ಹೊಸದಾಗಿ ಗೊಂದಲ ಕಾಣಿಸಿಕೊಂಡಿದ್ದರೆ, ಕರೆದರೆ ಅಥವಾ ನೋವಾದರೆ ಮಾತ್ರ ಸ್ಪಂದಿಸುತ್ತಿದ್ದರೆ, ಇಲ್ಲವೇ ಯಾವ ಸ್ಪಂದನವೂ ಇಲ್ಲದಿದ್ದರೆ 3.
- ದೇಹದ ಉಷ್ಣತೆ (ಸೆಲ್ಸಿಯಸ್): 36.1ರಿಂದ 38.0 ಇದ್ದರೆ 0, 35.1ರಿಂದ 36.0 ಅಥವಾ 38.1ರಿಂದ 39.0 ಇದ್ದರೆ 1, 39.1 ಅಥವಾ ಹೆಚ್ಚು ಇದ್ದರೆ 2, 35.0 ಅಥವಾ ಕಡಿಮೆ ಇದ್ದರೆ 3.

ಹೊಸದಾಗಿ ಕಾಣಿಸಿಕೊಳ್ಳುವ ಗೊಂದಲವನ್ನು 2017ರ ಪರಿಷ್ಕರಣೆಯಲ್ಲಿ ಸೇರಿಸಲಾಯಿತು. ವಯೋವೃದ್ಧರಲ್ಲಿ ಇದು ನಂಜಿನ ಮೊದಲ ಲಕ್ಷಣವಾಗಿರಬಹುದು. ದೀರ್ಘಕಾಲದ ಶ್ವಾಸಕೋಶ ಕಾಯಿಲೆಯಿಂದಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಶೇಖರವಾಗುವ ರೋಗಿಗಳಿಗೆ ಆಮ್ಲಜನಕದ ಗುರಿಯೇ ಶೇ. 88ರಿಂದ 92. ಇಂತಹವರಿಗಾಗಿ ಪ್ರತ್ಯೇಕ ಆಮ್ಲಜನಕ ಮಾಪಕವನ್ನೂ ಅದೇ ಪರಿಷ್ಕರಣೆಯಲ್ಲಿ ಅಳವಡಿಸಲಾಯಿತು. ಅದನ್ನು ಯಾರಿಗೆ ಬಳಸಬೇಕೆಂಬುದು ಅರ್ಹ ವೈದ್ಯರ ನಿರ್ಧಾರಕ್ಕೆ ಬಿಟ್ಟದ್ದು.

ಉದಾಹರಣೆ

ನ್ಯುಮೋನಿಯಾದಿಂದ ದಾಖಲಾದ ಒಬ್ಬ ಕಾಲ್ಪನಿಕ ರೋಗಿಯನ್ನು ತೆಗೆದುಕೊಳ್ಳಬಹುದು. ಉಸಿರಾಟ ನಿಮಿಷಕ್ಕೆ 22 (2 ಅಂಕ), ಆಮ್ಲಜನಕ ಶೇ. 94 (1), ಹೊರಗಿನ ಆಮ್ಲಜನಕವಿಲ್ಲ (0), ರಕ್ತದೊತ್ತಡದ ಮೇಲಿನ ಅಂಕಿ 108 (1), ನಾಡಿ 98 (1), ಪೂರ್ಣ ಎಚ್ಚರ (0), ಉಷ್ಣತೆ 38.3 (1). ಇವುಗಳಲ್ಲಿ ಯಾವ ಒಂದನ್ನೂ ಪ್ರತ್ಯೇಕವಾಗಿ ನೋಡಿದರೆ ಗಾಬರಿಯಾಗುವುದಿಲ್ಲ: ಸ್ವಲ್ಪ ಜ್ವರ, ಸ್ವಲ್ಪ ಏದುಸಿರು, ತುಸು ಕಡಿಮೆ ರಕ್ತದೊತ್ತಡ. ಕೂಡಿದರೆ ಮೊತ್ತ 6. ಇದು ವೈದ್ಯರನ್ನು ತುರ್ತಾಗಿ ಕರೆಯಬೇಕಾದ ಅಂಕ. ಬಿಡಿ ಅಳತೆಗಳಲ್ಲಿ ಮರೆಯಾಗುವ ಅಪಾಯವನ್ನು ಮೊತ್ತದಲ್ಲಿ ಕಾಣಿಸುವುದೇ ಈ ಪದ್ಧತಿಯ ತಿರುಳು.

ಅಂಕಕ್ಕೆ ತಕ್ಕ ಕ್ರಮ

- 0: ಕನಿಷ್ಠ 12 ಗಂಟೆಗೊಮ್ಮೆ ಅಳತೆ, ಎಂದಿನ ನಿಗಾ ಮುಂದುವರಿಕೆ.
- 1ರಿಂದ 4: ಕನಿಷ್ಠ 4ರಿಂದ 6 ಗಂಟೆಗೊಮ್ಮೆ ಅಳತೆ, ನೋಂದಾಯಿತ ದಾದಿಯು ರೋಗಿಯನ್ನು ಪರಿಶೀಲಿಸಿ ಮುಂದಿನ ಕ್ರಮ ನಿರ್ಧರಿಸಬೇಕು.
- ಯಾವುದಾದರೂ ಒಂದೇ ಮಾಪನದಲ್ಲಿ 3: ಕನಿಷ್ಠ ಗಂಟೆಗೊಮ್ಮೆ ಅಳತೆ; ವೈದ್ಯ ತಂಡಕ್ಕೆ ತಿಳಿಸಬೇಕು.
- 5 ಅಥವಾ 6: ಕನಿಷ್ಠ ಗಂಟೆಗೊಮ್ಮೆ ಅಳತೆ, ತೀವ್ರ ಅಸ್ವಸ್ಥರ ಆರೈಕೆ ಬಲ್ಲ ವೈದ್ಯರಿಂದ ತುರ್ತು ಪರಿಶೀಲನೆ.
- 7 ಅಥವಾ ಹೆಚ್ಚು: ನಿರಂತರ ನಿಗಾ, ಉಸಿರಾಟದ ಮಾರ್ಗವನ್ನು ಕಾಪಾಡಬಲ್ಲ ತಜ್ಞರುಳ್ಳ ತಂಡದಿಂದ ಕೂಡಲೇ ಪರಿಶೀಲನೆ, ರೋಗಿಯನ್ನು ಉನ್ನತ ನಿಗಾ ಘಟಕಕ್ಕೆ ಸಾಗಿಸುವ ಆಲೋಚನೆ.

5ನ್ನು ಮುಟ್ಟಿದ ರೋಗಿಗೆ ಸೋಂಕು ಇದೆಯೆಂದು ತಿಳಿದಿದ್ದರೆ ಅಥವಾ ಸೋಂಕಿನ ಸಾಧ್ಯತೆ ಇದ್ದರೆ ನಂಜಿನ ಬಗ್ಗೆ ಯೋಚಿಸಬೇಕೆಂದು ಮಾರ್ಗಸೂಚಿ ಹೇಳುತ್ತದೆ. ನಂಜಿನ ಚಿಕಿತ್ಸೆ ಕುರಿತ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯು, ಮೂರೇ ಮಾಪನಗಳುಳ್ಳ ಕ್ಯೂಸೋಫಾ ಎಂಬ ಅಂಕವನ್ನು ಏಕೈಕ ಶೋಧನಾ ಸಾಧನವಾಗಿ ಬಳಸಬಾರದೆಂದು, ಅದನ್ನು ನ್ಯೂಸ್ ಮೊದಲಾದವುಗಳೊಂದಿಗೆ ಹೋಲಿಸಿ ಸಲಹೆ ನೀಡಿತು.

ಸ್ಪಂದನ ವ್ಯವಸ್ಥೆ

ಅಂಕವು ತಾನಾಗಿ ಯಾರ ಪ್ರಾಣವನ್ನೂ ಉಳಿಸುವುದಿಲ್ಲ. ಅಳೆಯುವುದು, ಕೂಡುವುದು, ತಿಳಿಸುವುದು, ಬರುವುದು, ಚಿಕಿತ್ಸೆ ನೀಡುವುದು ಎಂಬ ಸರಪಣಿಯಲ್ಲಿ ಯಾವ ಕೊಂಡಿ ಕಳಚಿದರೂ ಉಳಿದವು ವ್ಯರ್ಥ. ಆದುದರಿಂದ ಅಂಕ ಪದ್ಧತಿಯನ್ನು ಕ್ಷಿಪ್ರ ಸ್ಪಂದನ ತಂಡದೊಂದಿಗೆ ಜೋಡಿಸಲಾಗುತ್ತದೆ. ಇಂತಹ ತಂಡಗಳಲ್ಲಿ ಸಾಮಾನ್ಯವಾಗಿ ತೀವ್ರ ನಿಗಾ ತರಬೇತಿ ಪಡೆದ ದಾದಿಯರೂ ವೈದ್ಯರೂ ಇರುತ್ತಾರೆ. ಅಮೆರಿಕದಲ್ಲಿ 2004ರ ಡಿಸೆಂಬರಿನಲ್ಲಿ ಆರಂಭವಾದ ‘ಒಂದು ಲಕ್ಷ ಜೀವಗಳು’ ಅಭಿಯಾನವು ಆಸ್ಪತ್ರೆಗಳಿಗೆ ಸೂಚಿಸಿದ ಆರು ಸುಧಾರಣೆಗಳಲ್ಲಿ ಇದೂ ಒಂದು.

ಆದರೂ ಇಂತಹ ತಂಡಗಳ ಪ್ರಯೋಜನವನ್ನು ಸಾಬೀತುಪಡಿಸುವುದು ಸುಲಭವಾಗಿಲ್ಲ. 2005ರಲ್ಲಿ ಪ್ರಕಟವಾದ ಮೆರಿಟ್ ಅಧ್ಯಯನದಲ್ಲಿ ಆಸ್ಟ್ರೇಲಿಯಾದ 23 ಆಸ್ಪತ್ರೆಗಳು ಪಾಲ್ಗೊಂಡಿದ್ದವು. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ 12ರಲ್ಲಿ ತುರ್ತು ತಂಡವನ್ನು ಆರಂಭಿಸಲಾಯಿತು. ಹೃದಯಸ್ತಂಭನ, ಅನಿರೀಕ್ಷಿತ ಸಾವು ಮತ್ತು ಪೂರ್ವನಿಯೋಜಿತವಲ್ಲದ ತೀವ್ರ ನಿಗಾ ದಾಖಲಾತಿ ಇವುಗಳ ಒಟ್ಟು ಪ್ರಮಾಣದಲ್ಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ತಂಡವಿದ್ದ ಆಸ್ಪತ್ರೆಗಳಲ್ಲಿಯೂ, ಕರೆಯಬೇಕಾದ ಮಿತಿಯನ್ನು ಮೀರಿದ್ದ ಎಷ್ಟೋ ರೋಗಿಗಳಿಗೆ ತಂಡವನ್ನು ಕರೆದೇ ಇರಲಿಲ್ಲ ಎಂಬುದೂ ಅದೇ ಅಧ್ಯಯನದಿಂದ ತಿಳಿಯಿತು. ಹಿರಿಯರನ್ನು ಎಬ್ಬಿಸಲು ಸಂಕೋಚ, ಅನಗತ್ಯವಾಗಿ ಕರೆದೆವೆಂಬ ಟೀಕೆಯ ಅಂಜಿಕೆ, ‘ಇನ್ನೊಮ್ಮೆ ನೋಡೋಣ’ ಎಂಬ ಧೋರಣೆ ಇವು ಕರೆ ತಡವಾಗಲು ಸಾಮಾನ್ಯ ಕಾರಣಗಳು. ‘ರೋಗಿಯ ಅಂಕ 7’ ಎಂಬ ಚುಟುಕು ವರದಿ ಈ ಸಂಕೋಚವನ್ನು ಸ್ವಲ್ಪ ಮಟ್ಟಿಗೆ ನೀಗಿಸುತ್ತದೆ. ಕಿರಿಯ ದಾದಿಯ ಮಾತಿಗೆ ಎಲ್ಲರೂ ಒಪ್ಪಿದ ಪಟ್ಟಿಯ ಬಲ ದೊರೆಯುತ್ತದೆ.

ಸಿಬ್ಬಂದಿಯ ಸಂಖ್ಯೆಯೂ ಮುಖ್ಯ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ರೋಗಿಗಳ ಬಗ್ಗೆ ಲಿಂಡಾ ಏಕನ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರತಿ ದಾದಿಯ ಹೊಣೆಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನಗಳೊಳಗೆ ಸಾವಿನ ಸಂಭವವು ಶೇ. 7ರಷ್ಟು ಏರುತ್ತಿತ್ತು.

ಮಕ್ಕಳು ಮತ್ತು ಗರ್ಭಿಣಿಯರು

ನ್ಯೂಸ್-2 ಪದ್ಧತಿಯನ್ನು 16 ವರ್ಷಕ್ಕಿಂತ ಚಿಕ್ಕವರಿಗೆ ಮತ್ತು ಗರ್ಭಿಣಿಯರಿಗೆ ಬಳಸಬಾರದು. ಶಿಶುವಿನ ನಾಡಿಬಡಿತ ಮತ್ತು ಉಸಿರಾಟ ಸಹಜವಾಗಿಯೇ ವೇಗವಾಗಿರುತ್ತವೆ. ವಯಸ್ಸು ಬೆಳೆದಂತೆ ಅವು ಇಳಿಯುತ್ತವೆ. ಹೀಗಾಗಿ ಮಕ್ಕಳಿಗೆ ವಯೋಮಾನಕ್ಕೆ ತಕ್ಕ ಪ್ರತ್ಯೇಕ ಪಟ್ಟಿಗಳಿವೆ. ಗರ್ಭಾವಸ್ಥೆಯಲ್ಲಿ ನಾಡಿಬಡಿತ ಏರುತ್ತದೆ, ರಕ್ತದೊತ್ತಡ ತುಸು ಇಳಿಯುತ್ತದೆ. ಆದ್ದರಿಂದ ವಯಸ್ಕರ ಮಿತಿಗಳು ಇಲ್ಲಿ ಹೊಂದುವುದಿಲ್ಲ. ಬ್ರಿಟನ್ನಿನಲ್ಲಿ ತಾಯಂದಿರ ಮರಣಗಳ ಬಗ್ಗೆ 2007ರಲ್ಲಿ ಪ್ರಕಟವಾದ ವಿಚಾರಣಾ ವರದಿಯು ಗರ್ಭಿಣಿ ಮತ್ತು ಬಾಣಂತಿಯರಿಗಾಗಿ ಮಾರ್ಪಡಿಸಿದ ಮುನ್ನೆಚ್ಚರಿಕೆ ಪಟ್ಟಿಯನ್ನು ಬಳಸಬೇಕೆಂದು ಶಿಫಾರಸು ಮಾಡಿತು.

ನಿಖರತೆಯ ಅಳತೆ

ಅಂಕ ಪದ್ಧತಿಯ ವಿಂಗಡಣಾ ಸಾಮರ್ಥ್ಯವನ್ನು 0.5ರಿಂದ 1ರವರೆಗಿನ ಒಂದು ಸೂಚಿಯಿಂದ ತಿಳಿಸಲಾಗುತ್ತದೆ. ಮುಂದೆ ಸಾವಿಗೀಡಾದ ಒಬ್ಬ ರೋಗಿ ಮತ್ತು ಬದುಕುಳಿದ ಒಬ್ಬ ರೋಗಿಯನ್ನು ಆರಿಸಿಕೊಂಡರೆ, ಮೊದಲನೆಯವರಿಗೆ ಹೆಚ್ಚು ಅಂಕ ಬಂದಿರುವ ಸಂಭವ ಎಷ್ಟು ಎಂಬುದೇ ಈ ಸೂಚಿಯ ಅರ್ಥ. 0.5 ಎಂದರೆ ನಾಣ್ಯ ಚಿಮ್ಮಿದಂತೆ. 1 ಎಂದರೆ ತಪ್ಪಿಲ್ಲದ ವಿಂಗಡಣೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 24 ಗಂಟೆಗಳೊಳಗಿನ ಸಾವನ್ನು ಗುರುತಿಸುವಲ್ಲಿ ನ್ಯೂಸ್ ಅಂಕದ ಸೂಚಿ 0.894 ಇತ್ತು, ಹೃದಯಸ್ತಂಭನದ ವಿಷಯದಲ್ಲಿ ಅದು 0.722 ಮಾತ್ರ.

ಸೂಚಿ ಉತ್ತಮವಾಗಿದ್ದರೂ ಹುಸಿ ಕರೆಗಳು ತಪ್ಪುವುದಿಲ್ಲ. ಲೆಕ್ಕಕ್ಕಾಗಿ, 1000 ರೋಗಿಗಳಲ್ಲಿ 10 ಮಂದಿಯ ಸ್ಥಿತಿ ನಿಜವಾಗಿ ಹದಗೆಡಲಿದೆ ಎಂದಿಟ್ಟುಕೊಳ್ಳೋಣ. ಒಂದು ಪದ್ಧತಿಯು ಅವರಲ್ಲಿ ಶೇ. 80ರಷ್ಟು ಮಂದಿಯನ್ನು ಹಿಡಿಯುತ್ತದೆ ಮತ್ತು ಉಳಿದ 990 ಮಂದಿಯಲ್ಲಿ ಶೇ. 10ರಷ್ಟು ಮಂದಿಯನ್ನು ತಪ್ಪಾಗಿ ಅಪಾಯದಲ್ಲಿರುವವರೆಂದು ಸೂಚಿಸುತ್ತದೆ. ಆಗ ನಿಜವಾದ ಕರೆಗಳು 8, ಹುಸಿ ಕರೆಗಳು 99. ಅಂದರೆ ಪ್ರತಿ 13 ಕರೆಗಳಲ್ಲಿ ಸುಮಾರು ಒಂದು ಮಾತ್ರ ನಿಜ. ಮೇಲಿಂದ ಮೇಲೆ ಹುಸಿ ಕರೆ ಬಂದರೆ ಸಿಬ್ಬಂದಿ ಅದಕ್ಕೆ ಕಿವಿಗೊಡುವುದನ್ನೇ ಬಿಡುವ ಅಪಾಯವಿದೆ. ಇದನ್ನು ಎಚ್ಚರಿಕೆಯ ದಣಿವು ಎನ್ನುತ್ತಾರೆ. ಮಿತಿಯನ್ನು ಮೇಲೇರಿಸಿದರೆ ಹುಸಿ ಕರೆಗಳು ತಗ್ಗುತ್ತವೆ, ಆದರೆ ನಿಜವಾದ ರೋಗಿಗಳೂ ತಪ್ಪಿಹೋಗುತ್ತಾರೆ. ಮಿತಿ ಎಲ್ಲಿರಬೇಕೆಂಬ ಪ್ರಶ್ನೆಯು ಹೀಗೆ ಗಣಿತದ್ದಷ್ಟೇ ಅಲ್ಲ, ಲಭ್ಯವಿರುವ ಜನಬಲದ್ದೂ ಆಗಿದೆ.

ಇನ್ನೊಂದು ತೊಡಕೂ ಉಂಟು. ಎಚ್ಚರಿಕೆ ಸಿಕ್ಕು, ಸಕಾಲದಲ್ಲಿ ಚಿಕಿತ್ಸೆ ದೊರೆತು ರೋಗಿ ಚೇತರಿಸಿಕೊಂಡರೆ, ದಾಖಲೆಯಲ್ಲಿ ಆ ಎಚ್ಚರಿಕೆಯು ‘ಹುಸಿ’ ಎಂದೇ ಕಾಣುತ್ತದೆ. ಪದ್ಧತಿ ಯಶಸ್ವಿಯಾದಷ್ಟೂ ಅದರ ನಿಖರತೆ ಕಡಿಮೆಯೆಂದು ತೋರುವ ಈ ವಿಚಿತ್ರವನ್ನು ಸಂಶೋಧಕರು ಗಮನದಲ್ಲಿಟ್ಟುಕೊಳ್ಳಬೇಕಾಗುತ್ತದೆ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಮರ್ಶೆಯೊಂದು ಈ ವಿಷಯದ 95 ಲೇಖನಗಳನ್ನು ಪರಿಶೀಲಿಸಿ, ಅವುಗಳಲ್ಲಿ ಹಲವು ಸಂಶೋಧನಾ ವಿಧಾನದ ದೃಷ್ಟಿಯಿಂದ ದುರ್ಬಲವಾಗಿವೆ ಎಂದು ತೀರ್ಮಾನಿಸಿತು.

ಮಿತಿಗಳು

- ಹೊರಗಿನ ಆಮ್ಲಜನಕಕ್ಕೆ ನೀಡುವ ಅಂಕ 2 ಮಾತ್ರ. ಕೊಡುವ ಪ್ರಮಾಣ ನಿಮಿಷಕ್ಕೆ 2 ಲೀಟರ್ ಇದ್ದರೂ 15 ಲೀಟರ್ ಇದ್ದರೂ ಅಂಕ ಬದಲಾಗದು. ಕೋವಿಡ್-19ರ ಕಾಲದಲ್ಲಿ, ಆಮ್ಲಜನಕದ ಅಗತ್ಯ ಏರುತ್ತಿದ್ದರೂ ಅಂಕ ಏರದಿರಬಹುದೆಂದು ರಾಯಲ್ ಕಾಲೇಜ್ 2020ರಲ್ಲಿ ಎಚ್ಚರಿಸಿತು.
- ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಮಟ್ಟವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದು. 2020ರ ಅಮೆರಿಕದ ಅಧ್ಯಯನವೊಂದರಲ್ಲಿ ಯಂತ್ರವು ಶೇ. 92ರಿಂದ 96 ಎಂದು ತೋರಿಸಿದಾಗಲೂ ನಿಜವಾದ ಮಟ್ಟ ಶೇ. 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಕಪ್ಪು ವರ್ಣೀಯರಲ್ಲಿ ಶೇ. 11.7ರಷ್ಟು, ಬಿಳಿಯರಲ್ಲಿ ಶೇ. 3.6ರಷ್ಟು ಇದ್ದವು.
- ನಾಡಿಯ ವೇಗವನ್ನು ತಗ್ಗಿಸುವ ಬೀಟಾ ತಡೆ ಔಷಧ ಸೇವಿಸುವವರಲ್ಲಿ ನಾಡಿಬಡಿತ ಏರದಿರಬಹುದು. ಬಹುಕಾಲದ ಅಧಿಕ ರಕ್ತದೊತ್ತಡವುಳ್ಳವರಿಗೆ 115 ಎಂಬ ‘ಸಹಜ’ ಅಂಕಿಯೂ ಕುಸಿತವೇ ಆಗಿರಬಹುದು.
- ಬೆನ್ನುಹುರಿಗೆ ಪೆಟ್ಟಾದವರಲ್ಲಿ ನಾಡಿ ಮತ್ತು ರಕ್ತದೊತ್ತಡದ ಸಹಜ ಪ್ರತಿಕ್ರಿಯೆ ಕೆಟ್ಟಿರುವುದರಿಂದ ಅಂಕವನ್ನು ಎಚ್ಚರದಿಂದ ಓದಬೇಕು.
- ಗುಣವಾಗದ ಕಾಯಿಲೆಯ ಕೊನೆಯ ದಿನಗಳಲ್ಲಿರುವ, ಉಪಶಮನ ಆರೈಕೆಯನ್ನಷ್ಟೇ ಬಯಸಿದ ರೋಗಿಗಳಿಗೆ ಅಂಕ ಏರಿದಾಗಲೆಲ್ಲ ತುರ್ತು ತಂಡವನ್ನು ಕರೆಯುವುದು ಹಿತವಲ್ಲ.

ಗಣಕೀಕೃತ ಮುನ್ಸೂಚನೆ

ರೋಗಿಗಳ ದಾಖಲೆಗಳು ಗಣಕಯಂತ್ರಕ್ಕೆ ಸೇರಿದಂತೆ, ದೇಹ ಮಾಪನಗಳ ಜೊತೆಗೆ ರಕ್ತ ಪರೀಕ್ಷೆಯ ಫಲಿತಾಂಶ, ವಯಸ್ಸು, ಹಿಂದಿನ ಕಾಯಿಲೆಗಳು ಇವೆಲ್ಲವನ್ನೂ ಬಳಸಿ ಅಪಾಯವನ್ನು ಲೆಕ್ಕಹಾಕುವ ಮಾದರಿಗಳು ಬಂದಿವೆ. ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಸಂಸ್ಥೆಯ ಆಸ್ಪತ್ರೆಗಳಲ್ಲಿ ಇಂತಹ ಮಾದರಿಯೊಂದು ಮುಂದಿನ 12 ಗಂಟೆಗಳ ಅಪಾಯವನ್ನು ಗಂಟೆಗೊಮ್ಮೆ ಲೆಕ್ಕಹಾಕುತ್ತದೆ. ಎಚ್ಚರಿಕೆ ನೇರವಾಗಿ ವಾರ್ಡಿಗೆ ಹೋಗುವುದಿಲ್ಲ; ದೂರದ ಕೇಂದ್ರದಲ್ಲಿರುವ ಅನುಭವಿ ದಾದಿಯರು ದಾಖಲೆಯನ್ನು ಪರಿಶೀಲಿಸಿ, ಅಗತ್ಯವೆನಿಸಿದರೆ ಆಸ್ಪತ್ರೆಯ ಕ್ಷಿಪ್ರ ಸ್ಪಂದನ ದಾದಿಗೆ ಕರೆ ಮಾಡುತ್ತಾರೆ. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಈ ವ್ಯವಸ್ಥೆಯಿದ್ದಾಗ ಎಚ್ಚರಿಕೆಯ ಮಿತಿ ಮುಟ್ಟಿದ ರೋಗಿಗಳಲ್ಲಿ 30 ದಿನಗಳೊಳಗಿನ ಮರಣ ಪ್ರಮಾಣವು ಹೋಲಿಕೆಯ ಗುಂಪಿಗಿಂತ ಕಡಿಮೆ ಇತ್ತು.

ಇದಕ್ಕೆ ವಿರುದ್ಧವಾದ ಅನುಭವವೂ ಇದೆ. ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಎಪಿಕ್ ಕಂಪನಿಯ ನಂಜು ಮುನ್ಸೂಚನಾ ಮಾದರಿಯನ್ನು ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವತಂತ್ರವಾಗಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಂಗಡಣಾ ಸೂಚಿ 0.63 ಮಾತ್ರವಿತ್ತು. ದಾಖಲಾತಿಗಳ ಶೇ. 18ರಷ್ಟರಲ್ಲಿ ಎಚ್ಚರಿಕೆ ನೀಡಿದರೂ, ನಂಜು ಇದ್ದ ರೋಗಿಗಳಲ್ಲಿ ಶೇ. 67ರಷ್ಟು ಮಂದಿಯನ್ನು ಅದು ಗುರುತಿಸಿರಲಿಲ್ಲ. ಒಂದೆಡೆ ಕಟ್ಟಿದ ಮಾದರಿಯನ್ನು ಬೇರೆಡೆ ಬಳಸುವ ಮೊದಲು ಅಲ್ಲಿನ ರೋಗಿಗಳಲ್ಲಿಯೇ ಪರೀಕ್ಷಿಸಬೇಕೆಂಬುದಕ್ಕೆ ಈ ಪ್ರಸಂಗವನ್ನು ಉದಾಹರಿಸಲಾಗುತ್ತದೆ.

ದಾದಿಯರ ಕಳವಳ, ಮನೆಯವರ ಮಾತು

ಅಳತೆಗಳು ಬದಲಾಗುವ ಮೊದಲೇ ‘ಈ ರೋಗಿ ಯಾಕೋ ಸರಿಯಿಲ್ಲ’ ಎಂದು ಅನುಭವಿ ದಾದಿಗೆ ಅನ್ನಿಸುವುದುಂಟು. ಚರ್ಮದ ಬಣ್ಣ, ಉಸಿರಿನ ರೀತಿ, ಚಡಪಡಿಕೆ, ನೋವಿನಲ್ಲಿ ಬದಲಾವಣೆ ಮೊದಲಾದವು ಈ ಅನಿಸಿಕೆಯ ಹಿಂದಿರುತ್ತವೆ. ನೆದರ್ಲೆಂಡ್ಸಿನ ಡೌ ಮತ್ತು ಸಹೋದ್ಯೋಗಿಗಳು ದಾದಿಯರ ಕಳವಳವನ್ನೇ ಒಂದು ಸೂಚಕ ಪಟ್ಟಿಯಾಗಿ ರೂಪಿಸಿದ್ದಾರೆ. ಅಂಕ ಕಡಿಮೆಯಿದ್ದರೂ ಕಳವಳವಿದ್ದರೆ ವೈದ್ಯರನ್ನು ಕರೆಯಬಹುದೆಂದು ನ್ಯೂಸ್-2 ಮಾರ್ಗಸೂಚಿಯೂ ಹೇಳುತ್ತದೆ.

ರೋಗಿಯ ಸಹಜ ಸ್ವಭಾವವನ್ನು ಚೆನ್ನಾಗಿ ಬಲ್ಲವರು ಮನೆಯವರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2007ರಲ್ಲಿ ರಯಾನ್ ಸಾಂಡರ್ಸ್ ಎಂಬ ಮಗು ತೀರಿಕೊಂಡಿತು. ಮಗುವಿನ ಸ್ಥಿತಿ ಹದಗೆಡುತ್ತಿದೆ ಎಂಬ ತಂದೆತಾಯಿಯರ ಆತಂಕಕ್ಕೆ ತಕ್ಕ ಸ್ಪಂದನ ದೊರೆತಿರಲಿಲ್ಲ. ಆ ಬಳಿಕ ಅಲ್ಲಿ, ಮನೆಯವರೇ ಮರುಪರಿಶೀಲನೆಯನ್ನು ಕೋರಬಹುದಾದ ‘ರಯಾನ್ ನಿಯಮ’ ಜಾರಿಗೆ ಬಂತು. ಇಂಗ್ಲೆಂಡಿನಲ್ಲಿ 13 ವರ್ಷದ ಮಾರ್ಥಾ ಮಿಲ್ಸ್ 2021ರಲ್ಲಿ ನಂಜಿನಿಂದ ಮೃತಪಟ್ಟಳು. ಅವಳನ್ನು ಮೊದಲೇ ತೀವ್ರ ನಿಗಾ ಘಟಕಕ್ಕೆ ಸಾಗಿಸಿದ್ದರೆ ಬಹುಶಃ ಬದುಕುತ್ತಿದ್ದಳೆಂದು ಮರಣ ವಿಚಾರಣಾಧಿಕಾರಿ 2022ರಲ್ಲಿ ತೀರ್ಮಾನಿಸಿದರು. ಆಕೆಯ ತಂದೆತಾಯಿಯರ ಹೋರಾಟದ ಫಲವಾಗಿ, ಮತ್ತೊಂದು ತಂಡದಿಂದ ತುರ್ತು ಪರಿಶೀಲನೆ ಕೋರುವ ಅವಕಾಶ ನೀಡುವ ‘ಮಾರ್ಥಾ ನಿಯಮ’ವನ್ನು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 2024ರಿಂದ ಹಂತಹಂತವಾಗಿ ಅಳವಡಿಸಲಾಯಿತು.

ಭಾರತದಲ್ಲಿ

ಭಾರತದ ಹಲವು ಆಸ್ಪತ್ರೆಗಳು ನ್ಯೂಸ್ ಅಥವಾ ಅದರ ಮಾರ್ಪಡಿಸಿದ ರೂಪಗಳನ್ನು ಬಳಸುತ್ತಿವೆ. ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಎನ್‌ಎಬಿಎಚ್ ಮಂಡಳಿಯ ಮಾನದಂಡಗಳು, ರೋಗಿಯ ಸ್ಥಿತಿ ಹದಗೆಡುವ ಆರಂಭಿಕ ಸೂಚನೆಗಳನ್ನು ಗುರುತಿಸಿ ಕ್ರಮ ಕೈಗೊಳ್ಳುವ ವ್ಯವಸ್ಥೆ ಇರಬೇಕೆಂದು ಕೇಳುತ್ತವೆ. ಬೆಂಗಳೂರಿನ ಡೋಝೀ ಕಂಪನಿಯು ಹಾಸಿಗೆಯ ಕೆಳಗೆ ಇಡುವ ತೆಳುವಾದ ಸಂವೇದಕ ಹಾಳೆಯನ್ನು ರೂಪಿಸಿದೆ. ಹೃದಯಬಡಿತ ಮತ್ತು ಉಸಿರಾಟದಿಂದ ದೇಹದಲ್ಲಿ ಉಂಟಾಗುವ ಸೂಕ್ಷ್ಮ ಕಂಪನಗಳನ್ನು ಅದು ಗ್ರಹಿಸುತ್ತದೆ. ರೋಗಿಯ ಮೈಗೆ ತಂತಿಗಳನ್ನು ಅಂಟಿಸದೆಯೇ ಸಾಮಾನ್ಯ ವಾರ್ಡಿನಲ್ಲಿ ನಿರಂತರ ನಿಗಾ ಇಡುವುದು ಇದರ ಉದ್ದೇಶ.

ದಾದಿಯರ ಕೊರತೆಯಿರುವ, ಒಂದೇ ವಾರ್ಡಿನಲ್ಲಿ ಹತ್ತಾರು ರೋಗಿಗಳಿರುವ ಆಸ್ಪತ್ರೆಗಳಲ್ಲಿ ಗಂಟೆಗೊಮ್ಮೆ ಅಳತೆ ಎಂಬ ನಿಯಮವನ್ನು ಪಾಲಿಸುವುದು ಕಷ್ಟ. ಆದರೆ ಉಸಿರು ಎಣಿಸಲು ಸೆಕೆಂಡಿನ ಮುಳ್ಳುಳ್ಳ ಗಡಿಯಾರವೊಂದಿದ್ದರೆ ಸಾಕು. ಅಂಕ ಕೂಡಲು ಕಾಗದದ ಪಟ್ಟಿಯೊಂದಿದ್ದರೆ ಸಾಕು. ಭಾರತದ ವಾರ್ಡುಗಳಲ್ಲಿ ರೋಗಿಯ ಪಕ್ಕದಲ್ಲಿ ಹಗಲಿರುಳೂ ಮನೆಯವರೊಬ್ಬರು ಇರುವುದು ವಾಡಿಕೆ. ಹೊಸದಾಗಿ ಕಾಣಿಸಿಕೊಂಡ ಗೊಂದಲ, ಏದುಸಿರು, ಎಬ್ಬಿಸಿದರೂ ಏಳದ ಮಂಪರು, ಮೂತ್ರ ತೀರಾ ಕಡಿಮೆಯಾಗುವುದು ಇವುಗಳಲ್ಲಿ ಯಾವುದನ್ನು ಕಂಡರೂ ಅವರು ಕೂಡಲೇ ದಾದಿಗೆ ತಿಳಿಸಬೇಕು.

ಇವನ್ನೂ ನೋಡಿ

- ಹೃದಯಸ್ತಂಭನ
- ಸೆಪ್ಸಿಸ್
- ತೀವ್ರ ನಿಗಾ ಘಟಕ
- ಪಲ್ಸ್ ಆಕ್ಸಿಮೀಟರ್
- ಶುಶ್ರೂಷೆ